ಉಲಿಯಕ್ಕಿ: ಒಂದು ಹೆಸರಿನ ಅಧ್ಯಯನ

ರಾಯದುರ್ಗ, ಮಡಕಶಿರಾ ಸೀಮೆಗಳಂತಹ ಕುರುಚಲು ಬಯಲಿಗೆ ಒಗ್ಗಿದ ಕೀಟಾಹಾರಿ ಹಕ್ಕಿಗಳಲ್ಲಿ ಬೂದು ಉಲಿಯಕ್ಕಿಯೂ ಒಂದು. ಇದರ ಉದ್ದ ಸುಮಾರು 13 ಸೆಂಟಿಮೀಟರ್. ಮೈಯ ಮೇಲ್ಭಾಗ ಬೂದು, ಕೆಳಭಾಗ ನಸುಗಂದು. ನೀಳವಾದ ಬಾಲವನ್ನು ಹೆಚ್ಚಾಗಿ ನೆಟ್ಟಗೆ ಎತ್ತಿರುತ್ತದೆ. 1832ರಲ್ಲಿ ಸೈಕ್ಸ್ ಎಂಬ ಸೇನಾಧಿಕಾರಿ ಇದನ್ನು ದಖ್ಖನಿನಿಂದ ಶಾಸ್ತ್ರೀಯವಾಗಿ ವರ್ಣಿಸಿದನು. ಇದರ ಕನ್ನಡ ಹೆಸರು ವ್ಯಾಕರಣದ ಒಂದು ಪಾಠವೇ ಆಗಿದೆ.

'ಉಲಿ' ಎಂದರೆ ಧ್ವನಿ. 'ಹಕ್ಕಿ'ಯ ಹಳಗನ್ನಡ ರೂಪ 'ಪಕ್ಕಿ'. ಇದು ಸಂಸ್ಕೃತ 'ಪಕ್ಷಿ'ಯ ತದ್ಭವ. ನಡುಗನ್ನಡದ ಹೊತ್ತಿಗೆ ಪದಾದಿಯ ಪಕಾರವು ಹಕಾರವಾಯಿತು. ನೆರೆಯ ತೆಲುಗಿನಲ್ಲಿ ಇಂದಿಗೂ 'ಪಾಲು' ಆಗಿರುವುದು ಕನ್ನಡದಲ್ಲಿ 'ಹಾಲು' ಆದುದು ಇದೇ ಬದಲಾವಣೆಯಿಂದ. 'ಉಲಿ'ಯೊಡನೆ ಸೇರುವಾಗ ಆ ಹಕಾರವೂ ಲೋಪಗೊಂಡು, ಇಕಾರದ ಮುಂದೆ ಯಕಾರಾಗಮವಾಗಿ 'ಉಲಿಯಕ್ಕಿ' ಸಿದ್ಧಿಸಿತು.

ಹೆಸರು ಅನ್ವರ್ಥವಾದುದು. ಪೊದೆಯ ತುದಿಯಲ್ಲಿ ಕುಳಿತು ಈ ಹಕ್ಕಿ ಒಂದೇ ಉಲಿಯನ್ನು ಮತ್ತೆ ಮತ್ತೆ ಹೊರಡಿಸುತ್ತದೆ. ಬೆದರಿ ಹಾರುವಾಗ ಚಟಚಟ ಸದ್ದು ಕೇಳುತ್ತದೆ. ಎಲೆಗಳನ್ನು ಜೇಡರ ಬಲೆಯ ನೂಲಿನಿಂದ ಹೊಲಿದು, ನೆಲಕ್ಕೆ ಸಮೀಪದಲ್ಲಿ ಗೂಡು ಕಟ್ಟಿ, ಇಟ್ಟಿಗೆಗೆಂಪಿನ ಹೊಳೆಯುವ ಮೊಟ್ಟೆಗಳನ್ನಿಡುತ್ತದೆ.

ಇಂತಹ ನೆಲವನ್ನು 'ಬಂಜರು' ಎನ್ನುವುದು ರೂಢಿ. ಆ ಪದ ಅಲ್ಲಿ ಬೆಳೆಯಿಲ್ಲವೆಂಬುದನ್ನಷ್ಟೇ ತಿಳಿಸುತ್ತದೆ. ಪೊದೆಗಳನ್ನು ಕಡಿದರೆ ಗೂಡಿಗೆ ನೆಲೆಯಿಲ್ಲ. ಹಕ್ಕಿ ಕಾಣದಾದ ಊರಿನಲ್ಲಿ ಅದರ ಹೆಸರೂ ಬಳಕೆಯಿಂದ ಜಾರುತ್ತದೆ. ಆದುದರಿಂದ ವಿದ್ಯಾರ್ಥಿಗಳು ತಮ್ಮ ಊರಿನ ಹಿರಿಯರು ಈ ಹಕ್ಕಿಗೆ ಬಳಸುವ ಹೆಸರನ್ನು ಕೇಳಿ ಬರೆದುಕೊಂಡು, ಅದರ ಧಾತು ಮತ್ತು ಸಂಧಿಗಳನ್ನು ಬಿಡಿಸಿ ನೋಡುವುದು ಉಪಯುಕ್ತವಾದ ಅಭ್ಯಾಸ.