ಕರಿಕಲ್ಲಿನ ಮನೆಗೆ ಇಳಕಲ್ ಕಲ್ಲು

ಚಿಕ್ಕೋಡಿಯ ನಮ್ಮ ಹಳೆಯ ಮನೆಗೆ ಅಡುಗೆಕೋಣೆ ಹೊಸದಾಗಿ ಕಟ್ಟಿಸುವಾಗ, ಕಟ್ಟೆಗೆಂದು ಇಳಕಲ್ಲಿನ ಕೆಂಪು ಗ್ರಾನೈಟ್ ತರಿಸಿದೆ. ಟೆಂಪೋದಿಂದ ಇಳಿಸುವಾಗಲೇ ನೆರೆಮನೆಯವರು, "ಅಣ್ಣಾರ, ಈ ಕಲ್ಲಿನ್ಯಾಗಿಂದ ಕಿರಣ ಬರ್ತಾವಂತ, ಮನ್ಯಾಗ ಹಾಕಬ್ಯಾಡ್ರಿ" ಅಂದರು. ಅವ್ವ ದಿನಕ್ಕೆ ಐದಾರು ತಾಸು ಅದೇ ಕಟ್ಟೆಯ ಮುಂದೆ ನಿಲ್ಲುವವಳು. ಕೆಲಸ ನಿಲ್ಲಿಸಿದೆ.

ಹದಿನೈದು ದಿನ ಸಿಕ್ಕಿದ್ದೆಲ್ಲ ಓದಿದೆ. ನೆರೆಯವರ ಮಾತು ಸುಳ್ಳಲ್ಲ. ನಿಪ್ಪಾಣಿಯಿಂದ ಅಥಣಿಯವರೆಗೆ ನಮ್ಮ ಕಾಲಡಿಯ ಕರಿಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದು ಹೆಪ್ಪುಗಟ್ಟಿದ ಲಾವಾ. ಅದರ ಒಂದು ಟನ್ನಿನಲ್ಲಿ ಸಾಮಾನ್ಯವಾಗಿ ಯುರೇನಿಯಂ 1 ಗ್ರಾಂ ಆಸುಪಾಸು. ಗ್ರಾನೈಟಿನಲ್ಲಿ 3ರಿಂದ 5 ಗ್ರಾಂ. ಥೋರಿಯಂ, ಪೊಟ್ಯಾಸಿಯಂ ಕೂಡ ಹೆಚ್ಚು. ಯುರೇನಿಯಂ ಹಂತಹಂತವಾಗಿ ಕ್ಷಯಿಸಿ ರೇಡಿಯಂ, ಅದರಿಂದ ರೇಡಾನ್ ಎಂಬ ಅನಿಲ. ಆದರೆ ಒಂದಿಂಚೂ ದಪ್ಪವಿಲ್ಲದ, ಪಾಲಿಶ್ ಮಾಡಿದ ಕಲ್ಲು ಬಿಡುವ ರೇಡಾನ್ ತೀರ ಅಲ್ಪ. ಮನೆಯೊಳಗೆ ಬರುವುದರಲ್ಲಿ ಹೆಚ್ಚಿನದು ತಳದ ಮಣ್ಣಿನಿಂದ, ನೆಲದ ಬಿರುಕುಗಳಲ್ಲಿ ಏರಿ ಬರುತ್ತದೆ. ಜಗತ್ತಿನ ಸರಾಸರಿಯಲ್ಲಿ ಮನುಷ್ಯನೊಬ್ಬ ವರ್ಷಕ್ಕೆ ಪಡೆಯುವ ನೈಸರ್ಗಿಕ ವಿಕಿರಣ 2.4 ಮಿಲಿಸೀವರ್ಟ್, ಅರ್ಧದಷ್ಟು ಈ ರೇಡಾನಿನದೇ.

ಓದುತ್ತ ಹೋದಂತೆ ನನ್ನ ಭಯ ಕಟ್ಟೆಯಿಂದ ಪಡಸಾಲೆಗೆ ಸರಿಯಿತು. ಅದೇ ರೇಡಾನಿನಿಂದ ಬೀಡಿ ಸಿಗರೇಟು ಸೇದದವರಿಗಿಂತ ಸೇದುವವರಿಗೆ ಸುಮಾರು 25 ಪಟ್ಟು ಅಪಾಯ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ತಂಬಾಕಿನ ಎಲೆಯ ಅಂಟು ರೋಮಗಳು ಗಾಳಿಯಲ್ಲಿನ ರೇಡಾನ್ ಕ್ಷಯಿಸಿ ಹುಟ್ಟುವ ಕಣಗಳನ್ನು ಹಿಡಿದಿಟ್ಟುಕೊಳ್ಳುತ್ತವೆ. ಹೀಗೆ ಎಲೆಗೆ ಸೇರುವ ಪೊಲೋನಿಯಂ-210 ಹೊಗೆಯೊಡನೆ ನೇರ ಶ್ವಾಸಕೋಶಕ್ಕೆ ಇಳಿಯುತ್ತದೆ. ನಮ್ಮ ಕಾಕಾ ನಿಪ್ಪಾಣಿಯ ತಂಬಾಕಿನ ವಖಾರಿಯಲ್ಲಿ ಜೀವ ಸವೆಸಿದವರು. ನಲವತ್ತು ವರ್ಷದಿಂದ ಪಡಸಾಲೆಯಲ್ಲಿ ಕೂತು ಬೀಡಿ ಹಚ್ಚುತ್ತಾರೆ. ಒಂದು ದಿನವೂ ನಾನು ಬೇಡ ಅಂದಿರಲಿಲ್ಲ.

ಕೆಲಸ ಮತ್ತೆ ಶುರುವಾದ ದಿನ ಇನ್ನೊಂದು ಕಣ್ಣಿಗೆ ಬಿತ್ತು. ಕಲ್ಲು ಕೊಯ್ಯುವ ಹುಡುಗ ಬಾಯಿಗೆ ಟವೆಲ್ ಸುತ್ತಿ ಒಣಕಲ್ಲಿಗೇ ಕಟರ್ ಹಚ್ಚಿದ್ದ. ಅವನ ಹುಬ್ಬು, ರೆಪ್ಪೆ ಬಿಳಿಯಾಗಿದ್ದವು. ಗ್ರಾನೈಟಿನಲ್ಲಿ ಕಾಲುಭಾಗಕ್ಕೂ ಮಿಕ್ಕಿ ಬೆಣಚುಕಲ್ಲು ಇರುತ್ತದೆ. ಆ ನುಣ್ಣನೆಯ ಧೂಳು ವರ್ಷಾನುಗಟ್ಟಲೆ ಎದೆ ಸೇರಿದರೆ ಸಿಲಿಕೋಸಿಸ್; ಅದಕ್ಕೆ ಮದ್ದಿಲ್ಲ. ನನ್ನ ಕಟ್ಟೆಯ ಕಲ್ಲಿನಿಂದ ನಿಜವಾದ ಅಪಾಯ ಇದ್ದದ್ದು ಅವನಿಗೆ. ನೀರು ಹಾಯಿಸಿ ಕೊಯ್ಯುವ ಯಂತ್ರ ಬಾಡಿಗೆಗೆ ತಂದು, ಒಳ್ಳೆಯ ಮಾಸ್ಕು ಕೊಂಡು, ಕೆಲಸವನ್ನು ಅಂಗಳಕ್ಕೆ ಹಾಕಿಸಿದೆ.

ಕಟ್ಟೆ ಕೂತಿದೆ. ನೆಲದ ಬಿರುಕು ಮುಚ್ಚಿಸಿ, ಎದುರುಬದುರು ಕಿಟಕಿ ಇಡಿಸಿದ್ದೇನೆ. ಕಾಕಾ ಬೀಡಿ ಬಿಟ್ಟಿಲ್ಲ, ಮನೆಯೊಳಗೆ ಹಚ್ಚುವುದನ್ನು ಬಿಟ್ಟಿದ್ದಾರೆ. ಸಂಜೆ ಅಂಗಳದ ಕರಿಕಲ್ಲಿನ ಮೇಲೆ ಅವರ ಪಕ್ಕ ಕೂತು, ಇವತ್ತು ಎಷ್ಟಾದವು ಕಾಕಾ ಎಂದು ಕೇಳುತ್ತೇನೆ. ನಿನ್ನೆ ಏಳು ಅಂದರು.