ಊರು ಮತ್ತು ಮಳಿಗೆ

ಶಿವಮೊಗ್ಗದಿಂದ ಸಾಗರದ ಕಡೆಗೆ ಹೊರಟವರಿಗೆ ನಗರದ ಅಂಚಿನಲ್ಲಿ ಆಲ್ಕೊಳ ಸಿಗುತ್ತದೆ. ಒಂದು ಕಾಲಕ್ಕೆ ಅದು ಹೊಲಗದ್ದೆಗಳ ನಡುವಿನ ಹಳ್ಳಿ. ನಗರವು ಬೆಳೆಯುತ್ತ ಬಂದು ಅದನ್ನು ತನ್ನೊಳಗೆ ಸೇರಿಸಿಕೊಂಡಿತು. ಈಗ ಅಲ್ಲಿ ವಾಹನಗಳು ಸುತ್ತಿ ಸಾಗುವ ವೃತ್ತವಿದೆ, ಬಡಾವಣೆಗಳಿವೆ, ರಸ್ತೆಯ ಎರಡು ಬದಿಗೂ ಅಂಗಡಿ ಮುಂಗಟ್ಟುಗಳಿವೆ. ಗಾಂಧಿ ಬಜಾರಿನಂಥ ಹಳೆಯ ಪೇಟೆಯ ಇಕ್ಕಟ್ಟಿನಲ್ಲಿ ಕಾಲಿಡಲು ಜಾಗ ಸಾಲದ ದೊಡ್ಡ ಮಳಿಗೆಗಳು ಸಾಮಾನ್ಯವಾಗಿ ಇಂಥ ಅಗಲವಾದ ಹೊರದಾರಿಗಳನ್ನೇ ಅರಸುತ್ತವೆ. ಗಾಡಿ ನಿಲ್ಲಿಸಲು ಬಯಲು ಬೇಕು, ಸರಕಿನ ಲಾರಿ ಒಳಗೆ ಬರಲು ದಾರಿ ಬೇಕು, ಒಂದೇ ಸೂರಿನ ಕೆಳಗೆ ಅಕ್ಕಿಯಿಂದ ಹಿಡಿದು ಅಂಗಿಯವರೆಗೆ ಎಲ್ಲವನ್ನೂ ಹರಡಲು ಸ್ಥಳ ಬೇಕು.

ಇಂಥ ಮಳಿಗೆಯೊಂದು ಯಾವುದೇ ಊರಿನಲ್ಲಿ ಬಾಗಿಲು ತೆರೆದ ದಿನ ಜಾತ್ರೆಯ ಸಂಭ್ರಮ ಕಾಣುತ್ತದೆ. ಕೊಳ್ಳುವವರಿಗಿಂತ ನೋಡುವವರೇ ಹೆಚ್ಚು. "ನಮ್ಮ ಊರು ಮುಂದುವರಿಯಿತು" ಎಂದು ಕೆಲವರು ಹೆಮ್ಮೆಪಡುತ್ತಾರೆ. "ಇನ್ನು ಚಿಕ್ಕ ಅಂಗಡಿಯವರ ಕಥೆ ಮುಗಿಯಿತು" ಎಂದು ಕೆಲವರು ನಿಟ್ಟುಸಿರು ಬಿಡುತ್ತಾರೆ. ಎರಡೂ ಅವಸರದ ಮಾತುಗಳು. ಶಿವಮೊಗ್ಗದಂಥ ಬೆಳೆಯುತ್ತಿರುವ ನಗರದಲ್ಲಿ ಹಳೆಯ ಅಂಗಡಿಗೂ ಹೊಸ ಮಳಿಗೆಗೂ ಗಿರಾಕಿಗಳು ದೊರೆತಾರು. ಆದರೆ ಅಲ್ಲಿಂದ ಕೇವಲ 20 ಕಿಲೋಮೀಟರ್ ದೂರದಲ್ಲಿ ಭದ್ರಾವತಿಯಿದೆ. 2001ರ ಜನಗಣತಿಯಲ್ಲಿ ಆ ನಗರದ ಜನಸಂಖ್ಯೆ ಸುಮಾರು 1 ಲಕ್ಷ 60 ಸಾವಿರವಿತ್ತು. ಹತ್ತು ವರ್ಷಗಳ ಅನಂತರ, 2011ರಲ್ಲಿ, ಅದು ಸುಮಾರು 1 ಲಕ್ಷ 51 ಸಾವಿರಕ್ಕೆ ಇಳಿಯಿತು. ಊರುಗಳೆಲ್ಲ ಉಬ್ಬುತ್ತಿರುವ ಕಾಲದಲ್ಲಿ ಕುಗ್ಗಿದ ಊರು ಅದು. ಗಳಿಕೆ ಕಡಮೆಯಾದ ಇಂಥ ಊರಿಗೆ ದೊಡ್ಡ ಮಳಿಗೆ ಬಂದರೆ ಏನಾಗುತ್ತದೆ ಎಂಬ ಪ್ರಶ್ನೆಯೇ ಹೆಚ್ಚು ಕಠಿಣವಾದುದು.

ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. ಕುಲುಮೆಯ ಊರಿಗೆ ಇದಕ್ಕಿಂತ ಒಪ್ಪುವ ಹೆಸರು ಇನ್ನೊಂದಿಲ್ಲ. ಆದರೆ ಹೆಸರು ಕುಲುಮೆಗಿಂತ ಹಳೆಯದು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರ ದೂರದೃಷ್ಟಿಯ ಫಲವಾಗಿ, ಭದ್ರಾ ನದಿಯ ದಡದಲ್ಲಿ ಕಬ್ಬಿಣದ ಕಾರ್ಖಾನೆಯ ಕೆಲಸ 1918ರಲ್ಲಿ ಆರಂಭವಾಯಿತು. 1923ರ ಜನವರಿಯಲ್ಲಿ ಊದುಕುಲುಮೆಗೆ ಬೆಂಕಿ ಬಿದ್ದಿತು. ಅದಿರು ಬಾಬಾಬುಡನ್‌ಗಿರಿ ಶ್ರೇಣಿಯ ಕೆಮ್ಮಣ್ಣುಗುಂಡಿಯಿಂದ ಬಂದಿತು. ಕುಲುಮೆಗೆ ಬೇಕಾದ ಇದ್ದಿಲು ಮಲೆನಾಡಿನ ಕಾಡುಗಳಿಂದ ಬಂದಿತು. 1936ರಲ್ಲಿ ಮೈಸೂರು ಕಾಗದದ ಕಾರ್ಖಾನೆಯ ಸಂಸ್ಥೆ ಹುಟ್ಟಿತು. ಕನ್ನಡಿಗರೊಡನೆ ತಮಿಳರು, ತೆಲುಗರು, ಮಲೆಯಾಳಿಗಳು, ಉರ್ದು ಮಾತನಾಡುವವರು ಇಲ್ಲಿ ಬಂದು ನೆಲೆಸಿದರು. ಹಳೇನಗರದ ಆಚೆ ನ್ಯೂಟೌನ್ ಎದ್ದಿತು, ಕಾಗದನಗರ ಎದ್ದಿತು.

ಕಾರ್ಖಾನೆಯ ಊರಿನಲ್ಲಿ ತಿಂಗಳಿಗೆ ಒಂದು ಮುಖ್ಯ ದಿನವಿರುತ್ತದೆ; ಅದು ಬಟವಾಡೆಯ ದಿನ. ಆ ಸಂಜೆ ಪೇಟೆಯ ದೀಪಗಳು ಹೊತ್ತು ಮೀರಿ ಉರಿಯುತ್ತಿದ್ದವು. ಕಾರ್ಮಿಕನು ನೇರವಾಗಿ ದಿನಸಿ ಅಂಗಡಿಗೆ ಬಂದು ಹಿಂದಿನ ತಿಂಗಳ ಲೆಕ್ಕವನ್ನು ತೀರಿಸಿ, ಹೊಸ ತಿಂಗಳ ಚೀಟಿಯನ್ನು ಕೊಡುತ್ತಿದ್ದನು. ಚೀಟಿಯಲ್ಲಿ ಅಕ್ಕಿ, ಬೇಳೆ, ಬೆಲ್ಲ, ಎಣ್ಣೆ, ಸಾಬೂನು. ಹಬ್ಬ ಹತ್ತಿರವಿದ್ದರೆ ಕೊಬ್ಬರಿ, ಗಸಗಸೆ. ಅಂಗಡಿಯವನು ತಕ್ಕಡಿಯಲ್ಲಿ ತೂಗಿ, ಕಾಗದದ ಪೊಟ್ಟಣ ಕಟ್ಟಿ, ದಾರ ಸುತ್ತಿ, ಕೊನೆಗೆ ಒಂದು ಹಿಡಿ ಕಡಲೆಯನ್ನೋ ಬೆಲ್ಲದ ಚೂರನ್ನೋ ಮೇಲೆ ಹಾಕುತ್ತಿದ್ದನು. ಅದೇ ಕೊಸರು. ಕೊಸರಿಗೆ ಬೆಲೆಯಿಲ್ಲ, ಆದರೆ ಅದಿಲ್ಲದೆ ವ್ಯಾಪಾರ ಮುಗಿದಂತೆ ಯಾರಿಗೂ ಅನಿಸುತ್ತಿರಲಿಲ್ಲ.

ಬಟವಾಡೆ ತಡವಾದ ತಿಂಗಳೂ ಇರುತ್ತಿತ್ತು. ಆಗ ಮನೆಯಾಕೆ ಚೀಲ ಹಿಡಿದು ಬಂದು ಅಂಗಡಿಯ ಮುಂದೆ ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುತ್ತಿದ್ದಳು.

"ಈ ತಿಂಗಳು ಇನ್ನೂ ಆಗಿಲ್ಲ, ಶೆಟ್ಟರೆ."

"ಆದಾಗ ಆಗಲಿ ತಾಯಿ. ಏನು ಬೇಕು ಹೇಳಿ, ಬರೆದುಕೊಂಡಿರುತ್ತೇನೆ."

ಈ "ಬರೆದುಕೊಂಡಿರುತ್ತೇನೆ" ಎಂಬ ಮಾತಿನ ಬಲದ ಮೇಲೆ ಎಷ್ಟೋ ಮನೆಗಳ ಒಲೆ ಉರಿದಿದೆ. ಯಾವ ಪತ್ರವಿಲ್ಲ, ಸಾಕ್ಷಿಯಿಲ್ಲ, ಒತ್ತೆಯಿಲ್ಲ. ಉದ್ದರಿಯ ಪುಸ್ತಕದಲ್ಲಿ ಒಂದು ಸಾಲು ಮಾತ್ರ. ಅಂಗಡಿಯವನ ಧೈರ್ಯಕ್ಕೆ ಕಾರಣ ಅವನ ಔದಾರ್ಯವಷ್ಟೇ ಆಗಿರಲಿಲ್ಲ. ಕಾರ್ಖಾನೆಯ ಚಿಮಣಿ ಹೊಗೆಯಾಡುತ್ತಿರುವವರೆಗೆ ಹಣ ಬಂದೇ ಬರುತ್ತದೆಂಬುದು ಅವನಿಗೆ ಗೊತ್ತಿತ್ತು.

ಆ ಚಿಮಣಿಗಳೇ ಆಮೇಲೆ ಸೊರಗಿದವು. ಕಬ್ಬಿಣದ ಕಾರ್ಖಾನೆಯು 1998ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದಲ್ಲಿ ವಿಲೀನಗೊಂಡಿತು. ತನ್ನದೇ ಆದ ಗಣಿಯ ಆಸರೆ ತಪ್ಪಿದ ಮೇಲೆ ಅದರ ಉತ್ಪಾದನೆ ಕುಂಟುತ್ತ ಸಾಗಿತು. ಕಾಗದದ ಕಾರ್ಖಾನೆಯ ಯಂತ್ರಗಳು 2015ರ ಸುಮಾರಿಗೆ ನಿಂತವು. 2023ರ ಜನವರಿಯಲ್ಲಿ ಉಕ್ಕು ಪ್ರಾಧಿಕಾರದ ಆಡಳಿತ ಮಂಡಳಿಯು ಭದ್ರಾವತಿಯ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ ಕೈಗೊಂಡಾಗ ಕಾರ್ಮಿಕರು ಬೀದಿಗಿಳಿದು ಹೋರಾಡಿದರು. ಅದೇ ವರ್ಷ ಕೆಲವು ವಿಭಾಗಗಳಲ್ಲಿ ಕೆಲಸ ಮತ್ತೆ ಮೊದಲಾಯಿತು. ವೃತ್ತಪತ್ರಿಕೆಗಳು ಇಂಥ ಸುದ್ದಿಯನ್ನು ದಪ್ಪಕ್ಷರಗಳಲ್ಲಿ ಅಚ್ಚುಮಾಡುತ್ತವೆ. ಆದರೆ ಒಂದು ಕಾರ್ಖಾನೆ ಕ್ಷೀಣಿಸುವುದನ್ನು ಪತ್ರಿಕೆಗಿಂತ ಮೊದಲು ಅರಿಯುವವನು ದಿನಸಿ ಅಂಗಡಿಯವನು. ಕಿಲೋ ಇದ್ದುದು ಅರ್ಧ ಕಿಲೋ ಆಗುತ್ತದೆ. ಚೀಟಿಯಿಂದ ಗಸಗಸೆ ಮಾಯವಾಗುತ್ತದೆ. ಬರೆದುಕೊಂಡ ಸಾಲುಗಳು ಹೆಚ್ಚುತ್ತವೆ, ಹೊಡೆದುಹಾಕಿದ ಸಾಲುಗಳು ಕಡಮೆಯಾಗುತ್ತವೆ.

ಇನ್ನು ದೊಡ್ಡ ಮಳಿಗೆಯ ಹುಟ್ಟನ್ನು ನೋಡಬೇಕು. ಪ್ಯಾರಿಸ್ ನಗರದಲ್ಲಿ ಅರಿಸ್ಟೀಡ್ ಬೂಸಿಕೋ ಎಂಬ ವರ್ತಕನು 1852ರಿಂದ 'ಬಾನ್ ಮಾರ್ಷೆ' ಎಂಬ ಅಂಗಡಿಯನ್ನು ಹೊಸ ರೀತಿಯಲ್ಲಿ ಬೆಳೆಸಿದನು. ಪ್ರತಿಯೊಂದು ವಸ್ತುವಿನ ಮೇಲೂ ಅದರ ಬೆಲೆ ಬರೆದಿರುತ್ತಿತ್ತು, ಚೌಕಾಸಿಗೆ ಎಡೆಯಿರಲಿಲ್ಲ, ಕೊಂಡ ವಸ್ತು ಒಪ್ಪಿಗೆಯಾಗದಿದ್ದರೆ ಹಿಂದಿರುಗಿಸಬಹುದಿತ್ತು. 1916ರಲ್ಲಿ ಅಮೆರಿಕದ ಮೆಂಫಿಸ್ ನಗರದಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಎಂಬಾತನು ಗಿರಾಕಿಗಳನ್ನೇ ಒಳಗೆ ಬಿಟ್ಟು, ಬೇಕಾದುದನ್ನು ಅವರೇ ಆರಿಸಿಕೊಳ್ಳುವಂತೆ ಮಾಡಿದನು. ಅದುವರೆಗೆ ಕಟ್ಟೆಯ ಆಚೆಗೆ ವರ್ತಕ, ಈಚೆಗೆ ಗಿರಾಕಿ. 1937ರಲ್ಲಿ ಓಕ್ಲಹೋಮ ನಗರದ ಸಿಲ್ವನ್ ಗೋಲ್ಡ್‌ಮನ್ ಎಂಬ ವರ್ತಕನು ಚಕ್ರವುಳ್ಳ ತಳ್ಳುಬುಟ್ಟಿಯನ್ನು ತಂದನು. ಕೈಯಲ್ಲಿ ಹೊರುವ ಬುಟ್ಟಿ ಭಾರವಾದೊಡನೆ ಜನ ಕೊಳ್ಳುವುದನ್ನು ನಿಲ್ಲಿಸುತ್ತಾರೆಂಬುದನ್ನು ಅವನು ಗಮನಿಸಿದ್ದನು! 1974ರಲ್ಲಿ ಅದೇ ದೇಶದ ಓಹಾಯೋ ರಾಜ್ಯದ ಅಂಗಡಿಯೊಂದರಲ್ಲಿ ಪಟ್ಟಿಗೆರೆಗಳ ಗುರುತನ್ನು ಯಂತ್ರವು ಮೊದಲ ಬಾರಿಗೆ ಓದಿ ಬೆಲೆ ಹೇಳಿತು; ಆ ವಸ್ತು ಒಂದು ಚ್ಯೂಯಿಂಗ್ ಗಮ್ ಪೊಟ್ಟಣ. ಇಂದಿನ ಮಳಿಗೆಗಳಲ್ಲಿ ಈ ನಾಲ್ಕೂ ಒಂದುಗೂಡಿವೆ.

ಇಲ್ಲಿ ಬೆಲೆ ಅಗ್ಗವಾಗುವುದು ಹೇಗೆ? ನೂರು ಊರುಗಳ ಮಳಿಗೆಗಳಿಗೆ ಬೇಕಾದ ಸಕ್ಕರೆಯನ್ನು ಒಬ್ಬನೇ ಕೊಳ್ಳುವಾಗ ಮಾರುವವನು ದರ ಇಳಿಸುತ್ತಾನೆ. ನಡುವಿನ ದಲ್ಲಾಳಿಗಳು ತಪ್ಪುತ್ತಾರೆ. ಸರಕು ಕಪಾಟಿನಲ್ಲಿ ಬಹಳ ದಿನ ಕೂರದೆ ಬೇಗ ಕರಗುವುದರಿಂದ ಚೂರು ಲಾಭವೂ ಸಾಕಾಗುತ್ತದೆ. ಅಕ್ಕಿ ಎಣ್ಣೆಗಳಲ್ಲಿ ಬಿಟ್ಟ ಲಾಭವನ್ನು ಬಟ್ಟೆಯಲ್ಲಿ, ಪಾತ್ರೆಯಲ್ಲಿ, ತಿಂಡಿಯ ಪೊಟ್ಟಣಗಳಲ್ಲಿ ತುಂಬಿಕೊಳ್ಳುವುದುಂಟು. ದಿನವೂ ಬೇಕಾಗುವ ಪದಾರ್ಥಗಳನ್ನು ಒಳಗಿನ ಮೂಲೆಯಲ್ಲಿಟ್ಟು, ಅಲ್ಲಿಗೆ ಹೋಗುವ ದಾರಿಯಲ್ಲಿ ಬೇಡದ ವಸ್ತುಗಳನ್ನು ಸಾಲಾಗಿ ಜೋಡಿಸಿರುತ್ತಾರೆ. ಹಣ ಕೊಡುವ ಕಟ್ಟೆಯ ಬಳಿ ಮಿಠಾಯಿ ಇರುತ್ತದೆ, ಅದೂ ಮಕ್ಕಳ ಕೈಗೆ ಎಟುಕುವ ಎತ್ತರದಲ್ಲಿ. ಕಾಲು ಕಿಲೋ ಜೀರಿಗೆ ತರಲು ಹೋದವರು ಎರಡು ಚೀಲ ತುಂಬಿಕೊಂಡು ಬರುವುದರಲ್ಲಿ ಆಶ್ಚರ್ಯವೇನಿದೆ?

ಆದರೂ ದೊಡ್ಡ ಮಳಿಗೆಯನ್ನು ಸುಮ್ಮನೆ ಹಳಿಯುವುದು ನ್ಯಾಯವಲ್ಲ. ಹಳೆಯ ಪೇಟೆಯಲ್ಲಿ ಎಲ್ಲವೂ ಕೊಸರಿನಷ್ಟು ಸಿಹಿಯಾಗಿರಲಿಲ್ಲ. ತೂಕದ ಕಲ್ಲು ಸವೆದಿರುತ್ತಿತ್ತು, ಬೇಳೆಯಲ್ಲಿ ಕಲ್ಲು ಬೆರೆತಿರುತ್ತಿತ್ತು. ಸಾಹುಕಾರರ ಮನೆಯವರು ಬಂದರೆ ಬೆಂಚು, ಕೂಲಿಯವಳು ಬಂದರೆ ಬಿಸಿಲು. ಅವಳು ಎರಡು ಬಗೆಯ ಅಕ್ಕಿಯನ್ನು ಮುಟ್ಟಿ ನೋಡಿ ಬೆಲೆ ಕೇಳಿದರೆ, "ಕೊಳ್ಳುವುದಾದರೆ ಮಾತ್ರ ಕೇಳು" ಎಂಬ ಉತ್ತರ ಬರುತ್ತಿದ್ದುದೂ ಉಂಟು. ಹೊಸ ಮಳಿಗೆಯಲ್ಲಿ ಅವಳು ಯಾರ ಮುಖವನ್ನೂ ನೋಡಬೇಕಾಗಿಲ್ಲ. ಬೆಲೆ ಬರೆದಿದೆ, ತೂಕ ಅಚ್ಚಾಗಿದೆ, ಶ್ರೀಮಂತೆಗೆ ಹೇಳಿದ ಬೆಲೆಯೇ ಅವಳಿಗೂ. ಕೈಯಲ್ಲಿ ಹಣ ಕಡಮೆಯಿರುವ ಮನೆಗೆ ಕಿಲೋ ಬೇಳೆಯಲ್ಲಿ ಉಳಿಯುವ ಹತ್ತು ರೂಪಾಯಿ ಹಗುರವಾದ ಮಾತಲ್ಲ.

ಕಠಿಣ ಪ್ರಶ್ನೆ ಇಲ್ಲಿಂದ ಮುಂದಿದೆ. ಮಳಿಗೆಯು ಕಾರ್ಖಾನೆಯಂತಲ್ಲ. ಕಾರ್ಖಾನೆಯು ಅದಿರನ್ನು ಕಬ್ಬಿಣವಾಗಿಸಿ, ಹೊರಗೆ ಮಾರಿ, ಹೊರಗಿನ ಹಣವನ್ನು ಊರೊಳಗೆ ತರುತ್ತದೆ. ಮಳಿಗೆಯು ಊರಿನಲ್ಲಿ ಆಗಲೇ ಇರುವ ಹಣವನ್ನು ಒಟ್ಟುಗೂಡಿಸುತ್ತದೆ. ಗಳಿಕೆ ಬೆಳೆಯುತ್ತಿರುವ ಊರಿನಲ್ಲಿ ಹೊಸ ಮಳಿಗೆಯ ವ್ಯಾಪಾರವು ಹೊಸ ಗಳಿಕೆಯಿಂದ ಬರಬಹುದು. ಗಳಿಕೆ ನಿಂತ ಊರಿನಲ್ಲಿ ಅದರ ಬಹುಪಾಲು ಹಳೆಯ ಅಂಗಡಿಗಳ ಗಲ್ಲಾಪೆಟ್ಟಿಗೆಯಿಂದಲೇ ಬರಬೇಕು. ಅಂಗಡಿಯವನ ಲಾಭವು ಊರಿನಲ್ಲೇ ಮನೆಯಾಗಿ, ಮಗಳ ಮದುವೆಯಾಗಿ, ಗಣಪತಿ ಹಬ್ಬದ ಚಂದಾ ಆಗಿ ಮತ್ತೆ ಹರಡುತ್ತಿತ್ತು. ದೂರದ ನಗರದಲ್ಲಿ ಕಚೇರಿಯುಳ್ಳ ಸಂಸ್ಥೆಯ ಲಾಭವು ಸಂಜೆಯಾಗುತ್ತಲೇ ಊರು ಬಿಡುತ್ತದೆ. ಹಿಂದೆ ಉಳಿಯುವುದು ಅಲ್ಲಿ ದುಡಿಯುವವರ ಸಂಬಳ. ಕೆಲಸವಿಲ್ಲದ ಯುವಕ ಯುವತಿಯರಿಗೆ ಅದೂ ದೊಡ್ಡದೇ. ಆದರೆ ನುರಿತ ಉಕ್ಕಿನ ಕೆಲಸಗಾರನ ಸಂಬಳಕ್ಕೆ ಅದು ಸಮನಾಗಲಾರದು.

ಉಳಿದದ್ದು ಉದ್ದರಿಯ ಮಾತು. ಯಂತ್ರವು ಗೆರೆಗಳನ್ನು ಓದಬಲ್ಲದು, ಬಾಗಿಲಲ್ಲಿ ನಿಂತ ತಾಯಿಯ ಮುಖವನ್ನು ಓದಲಾರದು. ಹಾಗೆಂದು ಉದ್ದರಿಯನ್ನು ಹಾಡಿ ಹೊಗಳುವಂತೆಯೂ ಇಲ್ಲ. ಇಂಗ್ಲೆಂಡಿನ ರಾಚ್‌ಡೇಲ್ ಪಟ್ಟಣದ ಕಥೆ ಇಲ್ಲಿ ನೆನೆಯತಕ್ಕದ್ದು. ಬಟ್ಟೆ ನೇಯುವ ಆ ಪಟ್ಟಣದಲ್ಲಿ ಕೂಲಿ ಸಾಲದೆ, ಅಂಗಡಿಗಳ ಸಾಲದಲ್ಲಿ ಮುಳುಗಿ, ಕಲಬೆರಕೆಯ ಹಿಟ್ಟು ತಿನ್ನುತ್ತಿದ್ದ ಜನರಲ್ಲಿ 28 ಮಂದಿ, ನೇಕಾರರೂ ಇತರ ಕೆಲಸಗಾರರೂ, ತಲಾ ಒಂದು ಪೌಂಡಿನಂತೆ ಕೂಡಿಸಿ 1844ರ ಡಿಸೆಂಬರ್ 21ರಂದು ತಮ್ಮದೇ ಅಂಗಡಿ ತೆರೆದರು. ಬೆಣ್ಣೆ, ಸಕ್ಕರೆ, ಹಿಟ್ಟು, ಓಟ್ಸ್ ಧಾನ್ಯದ ನುಚ್ಚು, ಮೇಣದ ಬತ್ತಿ ಇಷ್ಟೇ ಅವರ ಸರಕು. ಪೂರ್ಣ ತೂಕ, ಶುದ್ಧ ಪದಾರ್ಥ, ಲಾಭದಲ್ಲಿ ಕೊಂಡವರಿಗೆಲ್ಲ ಪಾಲು, ಇವು ಅವರ ನಿಯಮಗಳು. ಇನ್ನೊಂದು ನಿಯಮ ಬಲು ಕಟ್ಟುನಿಟ್ಟಿನದು: ಉದ್ದರಿ ಇಲ್ಲ. ಸಾಲದ ಪುಸ್ತಕವು ಕಷ್ಟದಲ್ಲಿ ಹಿಡಿಯುವ ಹಗ್ಗವಾದಂತೆ ಕೊರಳಿಗೆ ಬೀಳುವ ಕುಣಿಕೆಯೂ ಆಗುವುದೆಂಬುದನ್ನು ಅವರು ಅನುಭವದಿಂದ ಬಲ್ಲವರು.

ಈ ದಾರಿ ಕರ್ನಾಟಕಕ್ಕೆ ಅಪರಿಚಿತವಲ್ಲ. ಗದಗಿನ ಬಳಿಯ ಕಣಗಿನಹಾಳದಲ್ಲಿ 1905ರಲ್ಲಿಯೇ ರೈತರ ಸಹಕಾರ ಸಂಘ ಹುಟ್ಟಿತು. ಶಿವಮೊಗ್ಗದಲ್ಲಿ ಅಡಕೆ ಬೆಳೆಗಾರರು 1939ರಲ್ಲಿ ತಮ್ಮ ಮಾರಾಟ ಸಂಘವನ್ನು ಕಟ್ಟಿದರು; ಅದೇ ಇಂದಿನ ಮಾಮ್‌ಕೋಸ್. ಶಿರಸಿಯಲ್ಲಿ 1923ರಲ್ಲಿ ಆರಂಭವಾದ ತೋಟಗಾರರ ಸೇಲ್ ಸೊಸೈಟಿಯು ಅಡಕೆಯ ಮಾರಾಟದೊಡನೆ ದೊಡ್ಡದೊಂದು ಸೂಪರ್ ಮಾರ್ಕೆಟ್ಟನ್ನೂ ಕಟ್ಟಿ ಬೆಳೆಸಿದೆ. ಅಲ್ಲಿಯೂ ತಳ್ಳುಬುಟ್ಟಿಯಿದೆ, ಪಟ್ಟಿಗೆರೆಯಿದೆ, ಸಾಲು ಸಾಲು ಕಪಾಟುಗಳಿವೆ. ವ್ಯತ್ಯಾಸವಿರುವುದು ಲಾಭದ ವಾರಸುದಾರರಲ್ಲಿ. ಸಹಕಾರವೆಂದ ಮಾತ್ರಕ್ಕೆ ಗೆಲುವು ಖಚಿತವೆಂದು ತಿಳಿಯಬಾರದು. 1966ರಲ್ಲಿ ದಿಲ್ಲಿಯಲ್ಲಿ ಸಡಗರದಿಂದ ತೆರೆದ ಸೂಪರ್ ಬಜಾರ್ ನಷ್ಟದಲ್ಲಿ ಸಿಲುಕಿ ಈ ಶತಮಾನದ ಮೊದಲ ವರ್ಷಗಳಲ್ಲಿ ಬಾಗಿಲು ಹಾಕಿತು. ಸದಸ್ಯರು ಲೆಕ್ಕ ಕೇಳುವುದನ್ನು ಬಿಟ್ಟ ಕಡೆ ಸಹಕಾರ ಸಂಘವು ಬರಿಯ ನಾಮಫಲಕವಾಗಿ ಉಳಿಯುತ್ತದೆ.

ಚಿಕ್ಕ ಅಂಗಡಿಯವರೂ ಕೈಕಟ್ಟಿ ಕುಳಿತಿಲ್ಲ. ದೂರವಾಣಿಯಲ್ಲಿ ಚೀಟಿ ಹೇಳಿದರೆ ಸಾಮಾನನ್ನು ಮನೆಗೆ ಮುಟ್ಟಿಸುವವರಿದ್ದಾರೆ. ಬೆಳಗಿನ ಆರು ಗಂಟೆಗೆ ಹಾಲು, ರಾತ್ರಿ ಹತ್ತಕ್ಕೆ ತಲೆನೋವಿನ ಮಾತ್ರೆ, ಐದು ರೂಪಾಯಿಗೆ ಕೊತ್ತಂಬರಿ ಬೇಕೆಂದವರು ದೊಡ್ಡ ಮಳಿಗೆಯವರೆಗೆ ಹೋಗುವುದಿಲ್ಲ. ಭದ್ರಾವತಿ ಮತ್ತು ಶಿವಮೊಗ್ಗಗಳ ನಡುವಿನ ಮಾಚೇನಹಳ್ಳಿಯಲ್ಲಿ ಹಾಲಿನ ಒಕ್ಕೂಟದ ಡೇರಿಯಿದೆ, ಸಿದ್ಧ ಉಡುಪಿನ ಕಾರ್ಖಾನೆಯಿದೆ. ಸಂಜೆ ಅಲ್ಲಿಂದ ಮನೆಗೆ ಮರಳುವ ಹೆಣ್ಣುಮಕ್ಕಳ ಬಟವಾಡೆ ಈಗ ನೇರವಾಗಿ ಬ್ಯಾಂಕಿನ ಖಾತೆಗೆ ಬೀಳುತ್ತದೆ. ತಿಂಗಳ ಮೊದಲ ವಾರ ಕೈಯಲ್ಲಿ ಹಣವಿರುವಾಗ ಅಗ್ಗದ ಎಣ್ಣೆ ಬೇಳೆಗಳಿಗಾಗಿ ದೊಡ್ಡ ಮಳಿಗೆಗೆ ಹೋಗುವ ಕೈಗಳೇ, ಕೊನೆಯ ವಾರ ಓಣಿಯ ಮೂಲೆಯ ಅಂಗಡಿಗೆ ಚೀಲ ಹಿಡಿದು ಬರುತ್ತವೆ. ಅಂಗಡಿಯವನಿಗೆ ಇದು ಗೊತ್ತಿಲ್ಲದ ವಿಷಯವಲ್ಲ. ಮೊದಲ ವಾರದಲ್ಲಿ ತನ್ನೆದುರಿಗೇ ಸಾಗಿಹೋದ ಬಣ್ಣದ ಚೀಲಗಳನ್ನು ಅವನೂ ಕಂಡಿರುತ್ತಾನೆ. ಏನೂ ಹೇಳದೆ, ಕಿವಿಯ ಮೇಲಿನ ಪೆನ್ಸಿಲನ್ನು ತೆಗೆದು, ಪುಸ್ತಕದ ಹಾಳೆ ತಿರುವುತ್ತಾನೆ.