ಹಬ್ಬ ಮುಗಿದ ಮೇಲೆ ಕ್ರಿಸ್‌ಮಸ್ ಮರಗಳ ವಿನಿಯೋಗ

ಯೂರೋಪು ಮತ್ತು ಅಮೆರಿಕಾ ದೇಶಗಳಲ್ಲಿ ಕ್ರಿಸ್‌ಮಸ್ ಹಬ್ಬದ ಕಾಲಕ್ಕೆ ಫರ್, ಸ್ಪ್ರೂಸ್, ಪೈನ್ ಮುಂತಾದ ಸೂಜಿಯೆಲೆಯ ಮರಗಳನ್ನು ಮನೆಯೊಳಗೆ ನಿಲ್ಲಿಸಿ ಅಲಂಕರಿಸುವ ಪದ್ಧತಿಯುಂಟು. ಇವು ಬಹುಮಟ್ಟಿಗೆ ಕಾಡಿನಿಂದ ಕಡಿದು ತಂದವುಗಳಲ್ಲ. ರೈತರು ಹೊಲಗಳಲ್ಲಿ ಬೆಳೆದವುಗಳು. ಮಾರಾಟಕ್ಕೆ ಯೋಗ್ಯವಾದ ಎತ್ತರಕ್ಕೆ ಬರಲು ಒಂದು ಮರಕ್ಕೆ ಸಾಮಾನ್ಯವಾಗಿ 7 ರಿಂದ 10 ವರ್ಷ ಹಿಡಿಯುತ್ತದೆ. ಅಮೆರಿಕಾ ಸಂಯುಕ್ತ ಸಂಸ್ಥಾನವೊಂದರಲ್ಲಿಯೇ ವರ್ಷಕ್ಕೆ ಎರಡು ಕೋಟಿಗೂ ಮಿಕ್ಕಿ ಮರಗಳು ಖರ್ಚಾಗುತ್ತವೆ. ಇಷ್ಟು ಕಾಲ ಬೆಳೆದ ಮರವು ಮನೆಯಲ್ಲಿರುವುದು ಕೆಲವು ವಾರಗಳು ಮಾತ್ರ. ಜರ್ಮನಿಯಲ್ಲಿ ಜನವರಿ 6ರ ಸುಮಾರಿಗೂ ಸ್ವೀಡನ್ನಿನಲ್ಲಿ 13ನೆಯ ತಾರೀಖಿಗೂ ಅದನ್ನು ಹೊರಹಾಕುವುದು ವಾಡಿಕೆ. ಹೀಗೆ ಬೀದಿಗೆ ಬಂದ ರಾಶಿಯು ಕಸವಾಗುವುದೋ ಸಂಪತ್ತಾಗುವುದೋ ಎಂಬುದು ಅದನ್ನು ಉಪಚರಿಸುವ ರೀತಿಯನ್ನು ಅವಲಂಬಿಸಿದೆ.

ಮಾಡಬಾರದ ಕೆಲಸಗಳು: ಮರವನ್ನು ಊರ ಕಸದೊಡನೆ ಹೂಳಿದರೆ ಅದು ಗಾಳಿಯಿಲ್ಲದೆ ಕೊಳೆತು ಮೀಥೇನ್ ಅನಿಲವನ್ನು ಹೊರಡಿಸುತ್ತದೆ. ಮನೆಯ ಒಲೆಯಲ್ಲಿ ಉರಿಸುವುದೂ ಅಪಾಯಕರ. ಒಣಗಿದ ಸೂಜಿಗಳು ರಾಳದ ದೆಸೆಯಿಂದ ಒಮ್ಮೆಲೇ ಭಗ್ಗನೆ ಹೊತ್ತಿಕೊಳ್ಳುತ್ತವೆ.

ಮೊದಲನೆಯ ಕೆಲಸ: ದೀಪ, ತಂತಿ, ಜರತಾರಿ, ಮೊಳೆ ಮುಂತಾದವುಗಳನ್ನೆಲ್ಲ ತೆಗೆದುಹಾಕಬೇಕು. ಕೃತಕ ಹಿಮವನ್ನು ಬಳಿದ ಮರಗಳನ್ನು ಅನೇಕ ನಗರಸಭೆಗಳು ಸ್ವೀಕರಿಸುವುದಿಲ್ಲ. ಬರ್ಲಿನ್ನಿನ ಮೃಗಾಲಯದಲ್ಲಿ ಈ ಮರಗಳನ್ನು ಆನೆಗಳಿಗೆ ಮೇವಾಗಿ ಕೊಡುವುದುಂಟು. ಆದರೆ ಅಂಗಡಿಯಲ್ಲಿ ಮಾರಾಟವಾಗದೆ ಉಳಿದವುಗಳನ್ನು ಮಾತ್ರ ಕೊಡುತ್ತಾರೆಯೇ ಹೊರತು, ಮನೆಗಳಿಂದ ಬಂದವುಗಳನ್ನು ಕೊಡುವುದಿಲ್ಲ. ಅಲಂಕಾರದ ಚೂರುಗಳು ಹೊಟ್ಟೆ ಸೇರುವುವೆಂಬ ಭಯವೇ ಇದಕ್ಕೆ ಕಾರಣ.

ನೆಲದ ಹೊದಿಕೆ: ನ್ಯೂಯಾರ್ಕ್ ನಗರದಲ್ಲಿ ಜನವರಿ ತಿಂಗಳಲ್ಲಿ ನಿವಾಸಿಗಳು ಮರಗಳನ್ನು ಉದ್ಯಾನಗಳಿಗೆ ತಂದೊಪ್ಪಿಸುತ್ತಾರೆ. ಅವುಗಳನ್ನು ಯಂತ್ರದಿಂದ ಸಣ್ಣ ಚೆಕ್ಕೆಗಳಾಗಿ ಮಾಡಿ ಗಿಡಮರಗಳ ಬುಡಕ್ಕೆ ಹರಡಲಾಗುತ್ತದೆ. ಇದರಿಂದ ನೆಲದ ತೇವ ಉಳಿಯುತ್ತದೆ; ಕಳೆ ಅಡಗುತ್ತದೆ. ಇಲ್ಲಿ ಗಮನಿಸಬೇಕಾದ ವಿಷಯವೊಂದುಂಟು. ಮರದ ಚೆಕ್ಕೆಯಲ್ಲಿ ಇಂಗಾಲ ಬಹಳ, ಸಾರಜನಕ ಅಲ್ಪ. ಹಸಿ ಚೆಕ್ಕೆಯನ್ನು ಮಣ್ಣಿನಲ್ಲಿ ಬೆರೆಸಿದರೆ ಅದನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನು ಹೀರಿಕೊಳ್ಳುವುದರಿಂದ ಪೈರು ಹಳದಿಯಾಗುತ್ತದೆ. ಮೇಲೆ ಹರಡಿದರೆ ಈ ಬಾಧೆಯು ತೀರ ಕಡಿಮೆ. ಎರಡು ಮೂರು ಅಂಗುಲ ದಪ್ಪ ಸಾಕು, ಕಾಂಡಕ್ಕೆ ತಾಗಿಸಬಾರದು. ಸೂಜಿಯೆಲೆಗಳಿಂದ ನೆಲವು ಹುಳಿಯಾಗುವುದೆಂಬ ನಂಬಿಕೆಯುಂಟಾದರೂ, ಮೇಲೆ ಹರಡಿದಾಗ ಆ ಪರಿಣಾಮ ಅತ್ಯಲ್ಪ.

ದಡದ ರಕ್ಷಣೆ: ಇಂಗ್ಲೆಂಡಿನ ಲ್ಯಾಂಕಾಷೈರ್ ಪ್ರಾಂತದ ಲಿಥಮ್ ಸೇಂಟ್ ಆನ್ಸ್ ಕಡಲತೀರದಲ್ಲಿ ಮರಗಳನ್ನು ಮರಳಿನಲ್ಲಿ ಸಾಲಾಗಿ ಅರ್ಧ ಹೂಳುತ್ತಾರೆ. ಕೊಂಬೆಗಳು ಗಾಳಿಯ ವೇಗವನ್ನು ತಗ್ಗಿಸುವುದರಿಂದ ಹಾರಿಬರುವ ಮರಳು ಅಲ್ಲಿಯೇ ನಿಂತು ದಿಣ್ಣೆಯಾಗುತ್ತದೆ. ಬಳಿಕ ಹುಲ್ಲು ಬೇರೂರಿ ಅದನ್ನು ಬಿಗಿಹಿಡಿಯುತ್ತದೆ. ಅಮೆರಿಕಾದ ಲೂಯಿಸಿಯಾನ ಸಂಸ್ಥಾನದ ಕಷ್ಟ ಇದಕ್ಕಿಂತಲೂ ದೊಡ್ಡದು. ಮಿಸಿಸಿಪಿ ನದಿಗೆ ಏರಿಗಳನ್ನು ಕಟ್ಟಿದುದರಿಂದ ಮೆಕ್ಕಲು ಜೌಗು ನೆಲಕ್ಕೆ ಬಾರದೆ, ಇತರ ಕಾರಣಗಳೂ ಸೇರಿ, 1932 ರಿಂದ 2016 ರೊಳಗೆ ಸುಮಾರು 4,800 ಚದರ ಕಿಲೋಮೀಟರು ಕರಾವಳಿ ಭೂಮಿ ನೀರುಪಾಲಾಯಿತು. ಅಲ್ಲಿ ಹಳೆಯ ಮರಗಳನ್ನು ಕಂತೆ ಕಟ್ಟಿ ಹೆಲಿಕಾಪ್ಟರುಗಳಿಂದ ಜೌಗಿಗೆ ಇಳಿಸುತ್ತಾರೆ. ಅಲೆಗಳ ಹೊಡೆತ ತಗ್ಗಿ, ಕೆಸರು ತಂಗಿ, ಗಿಡಗಳು ಮೊಳೆಯಲು ನೆಲೆ ದೊರೆಯುತ್ತದೆ. ಇದರಿಂದ ಕಳೆದುಹೋದ ನೆಲವೆಲ್ಲವೂ ಮರಳುವುದಿಲ್ಲ, ಉಳಿದುದಕ್ಕೆ ಆಸರೆಯಾಗುತ್ತದೆ.

ಇತರ ಉಪಯೋಗಗಳು: ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸೆಂಟರಿನ ಹೆಮ್ಮರವನ್ನು 2007 ರಿಂದ ಹಲಗೆಗಳಾಗಿ ಕೊಯ್ದು ಬಡವರ ಮನೆಗಳಿಗೆ ಬಳಸುತ್ತಿದ್ದಾರೆ. ಕೆಲವು ಕಡೆ ಭಾರ ಕಟ್ಟಿ ಕೆರೆಗಳಲ್ಲಿ ಮುಳುಗಿಸಿ ಮರಿಮೀನುಗಳಿಗೆ ಆಶ್ರಯ ಕಲ್ಪಿಸುವುದೂ ಉಂಟು.

ನಮ್ಮ ರೈತರು ಗ್ರಹಿಸತಕ್ಕುದು: ಸರ್ವೆ, ಸಿಲ್ವರ್ ಓಕ್ ಮರಗಳಿಂದ ಸವರಿದ ರೆಂಬೆಗಳಿಗೂ ಮೇಲಿನ ನಿಯಮವೇ ಅನ್ವಯಿಸುತ್ತದೆ. ಸುಟ್ಟುಬಿಟ್ಟರೆ ಉಳಿಯುವುದು ಹಿಡಿ ಬೂದಿ. ಕಸವನ್ನು ಬೇರ್ಪಡಿಸಿ, ಚೂರು ಮಾಡಿ, ಮಣ್ಣಿನಲ್ಲಿ ಬೆರೆಸದೆ ಮೇಲೆ ಹರಡಿದರೆ ಬೇಸಗೆಯಲ್ಲಿ ತೇವವೂ ಕಾಲಕ್ರಮದಲ್ಲಿ ಗೊಬ್ಬರವೂ ಲಭಿಸುವುವು.